ಬಾಗಿಲ ಬಳಿಯ ಬ್ಯಾಟರಿ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ಹರಿದುಬಂದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸತೊಡಗಿತು. ನಾಡಿನ ಬಹುಭಾಗ ಎಣ್ಣೆದೀಪದ ಬೆಳಕಿನಲ್ಲಿದ್ದ ಕಾಲದಲ್ಲಿ ವಿದ್ಯುತ್ತಿನ ಬಲವನ್ನು ಕಂಡ ಊರು ಇದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಕುಟುಂಬಗಳವರು ಮಾರಿಕುಪ್ಪಂ, ಉರಿಗಾಂ, ಬಂಗಾರಪೇಟೆ ನಿಲ್ದಾಣಗಳಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕಾಯಕಕ್ಕೆ ಹೋಗಿಬರುತ್ತಾರೆ.

ನಿಲ್ದಾಣಕ್ಕೆ ಹೋಗಲು ವಿದ್ಯುತ್ ಸ್ಕೂಟರು ಅನುಕೂಲವೇ ಸರಿ. ಆದರೆ ನಸುಕಿಗೆ ಹೊರಡುವವರು ಅದನ್ನು ಚಾರ್ಜಿಗೆ ಹಾಕುವುದು ರಾತ್ರಿ, ಮನೆಮಂದಿಯೆಲ್ಲ ಮಲಗಿದ ಮೇಲೆ. ಗಣಿಯ ಹಳೆಯ ಲೈನ್ ಮನೆಗಳಂತಹ ಕಿರಿದಾದ ಮನೆಗಳಲ್ಲಿ ವಾಹನಕ್ಕೆ ಸ್ಥಳ ಸಿಗುವುದು ಬಾಗಿಲ ಬಳಿಯಲ್ಲಿಯೇ. ಅಪಾಯವಿರುವುದು ಇಲ್ಲಿ.

ನೆರೆಯೂರಿನ ದುರಂತ

2022ರ ಮಾರ್ಚ್ ತಿಂಗಳಲ್ಲಿ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ದ್ವಿಚಕ್ರ ವಾಹನಕ್ಕೆ ಬೆಂಕಿ ತಗುಲಿ, ತಂದೆ ಮತ್ತು ಎಳೆಯ ಮಗಳು ಹೊಗೆಯಿಂದ ಉಸಿರುಕಟ್ಟಿ ಮೃತಪಟ್ಟರೆಂದು ವರದಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲೊಂದರ ಕೆಳ ಅಂತಸ್ತಿನ ವಿದ್ಯುತ್ ವಾಹನ ಮಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲೇರಿ, ತಂಗಿದ್ದ ಎಂಟು ಮಂದಿ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಮುಖ್ಯವಾಗಿ ಜೀವ ತೆಗೆದುದು ಹೊಗೆ. ಗಣಿಯ ಆಳದಲ್ಲಿ ಜ್ವಾಲೆ ತಲುಪುವ ಮೊದಲೇ ಹೊಗೆ ಮುಟ್ಟುತ್ತದೆಂಬುದು ಗಣಿಕಾರ್ಮಿಕರ ಮನೆತನಗಳಿಗೆ ಹೊಸ ಮಾತಲ್ಲ.

ಹೀಗೇಕೆ ಆಗುತ್ತದೆ?

ಲಿಥಿಯಂ ಬ್ಯಾಟರಿಯೊಳಗೆ ಅನೇಕ ಕೋಶಗಳಿದ್ದು, ಅವುಗಳಲ್ಲಿ ಬೆಂಕಿ ಹತ್ತಬಲ್ಲ ದ್ರವವಿರುತ್ತದೆ. ಪೆಟ್ಟು, ನೀರು, ಹೊಂದದ ಚಾರ್ಜರು, ತಯಾರಿಕೆಯ ದೋಷ ಇವುಗಳಿಂದ ಒಂದು ಕೋಶ ಮಿತಿಮೀರಿ ಕಾಯ್ದರೆ ಆ ಶಾಖ ಪಕ್ಕದ ಕೋಶವನ್ನು ಕಾಯಿಸುತ್ತದೆ. ಹೀಗೆ ಒಂದರಿಂದೊಂದಕ್ಕೆ ಹಬ್ಬಿ, ನೋಡನೋಡುತ್ತಿದ್ದಂತೆ ವಿಷಾನಿಲ ತುಂಬಿದ ದಟ್ಟ ಹೊಗೆ ಕೋಣೆಯನ್ನು ಆವರಿಸುತ್ತದೆ. ಒಮ್ಮೆ ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು.

ಪಾಲಿಸಬೇಕಾದುದು

ವಾಹನವನ್ನಾಗಲಿ ಅದರಿಂದ ತೆಗೆದ ಬ್ಯಾಟರಿಯನ್ನಾಗಲಿ ಹೊರಬಾಗಿಲಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ ಅಥವಾ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬಾರದು. ಸಂಜೆ ಮನೆಗೆ ಬಂದು ಬ್ಯಾಟರಿ ತಣಿದ ಮೇಲೆ, ಎಲ್ಲರೂ ಎಚ್ಚರವಿರುವಾಗಲೇ, ಗಾಳಿಯಾಡುವ ಕಡೆ ಚಾರ್ಜ್ ಮಾಡಿ ತೆಗೆಯುವುದು ಲೇಸು. ತಯಾರಕರು ಸೂಚಿಸಿದ ಚಾರ್ಜರನ್ನೇ ಬಳಸಬೇಕು. ಉಬ್ಬಿದ, ಬಿದ್ದು ಪೆಟ್ಟಾದ, ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಚುಚ್ಚದೆ, ಬಿಚ್ಚದೆ, ಚಾರ್ಜ್ ಮಾಡದೆ ಮನೆಯ ಹೊರಗಿರಿಸಿ ಮಾರಾಟಗಾರರಿಗೆ ತಿಳಿಸಬೇಕು. ಹಳೆಯದನ್ನು ಕಸದ ಗಾಡಿಗೆ ಹಾಕಲಾಗದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಹಿಂಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು.

ಹೊಗೆ ಕಂಡಾಗ

ಮೊದಲು ಮಕ್ಕಳು, ವೃದ್ಧರ ಸಹಿತ ಎಲ್ಲರೂ ಹೊರಬರಬೇಕು. ಹೊಗೆಯಿದ್ದರೆ ಬಗ್ಗಿ ನಡೆಯಬೇಕು. ದಾರಿಯಲ್ಲಿ ಕೈಗೆಟುಕಿದರೆ ಮಾತ್ರ ಮೈನ್ ಸ್ವಿಚ್ ಆರಿಸಿ, ಬಾಗಿಲೆಳೆದುಕೊಂಡು, 112ಕ್ಕೆ ಕರೆಮಾಡಿ ಬ್ಯಾಟರಿಯ ಬೆಂಕಿಯೆಂದು ಹೇಳಬೇಕು. ದಾಖಲೆಗಾಗಿ, ಒಡವೆಗಾಗಿ ಮರಳಿ ಒಳಹೋಗಬಾರದು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರೇ ಪ್ರಥಮ ಚಿಕಿತ್ಸೆ. ಶಾಯಿ, ಟೂತ್‌ಪೇಸ್ಟ್ ಹಚ್ಚುವುದು ತಪ್ಪು. ಹೊಗೆ ಕುಡಿದವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊಸ ಸಾಧನವನ್ನು ದೂರುವುದು ಈ ಮಾತಿನ ಉದ್ದೇಶವಲ್ಲ. ದುಡಿಮೆಗೆ ಹೊತ್ತೊಯ್ಯುವ ವಾಹನ ಮನೆಮಂದಿ ಹೊರಬರುವ ದಾರಿಗೆ ಅಡ್ಡವಾಗದಿರಲಿ. ಇಂದು ರಾತ್ರಿ ಮಲಗುವ ಮುನ್ನ ನಮ್ಮ ನಮ್ಮ ಮನೆಯ ಬಾಗಿಲ ಬಳಿಯನ್ನೊಮ್ಮೆ ನೋಡಿಕೊಳ್ಳೋಣ.