ಹಂಗಿನ ಗೋಧಿ, ಸಾಲಲ್ಲಿ ನಿಂತ ರಾಗಿ

ಗೌರಿಬಿದನೂರು, ಚಿಂತಾಮಣಿ ಕಡೆ ಅರವತ್ತು ದಾಟಿದವರನ್ನು ಅವರ ಶಾಲೆಯ ಊಟದ ಬಗ್ಗೆ ಕೇಳಿ. ‘ಕೇರ್ ಉಪ್ಪಿಟ್ಟು’ ಎಂದು ಮುಖ ಅರಳಿಸುವವರು ಇಂದಿಗೂ ಸಿಗುತ್ತಾರೆ. ‘ಕೇರ್’ ಸಂಸ್ಥೆ ಕೊಟ್ಟ ಅಮೆರಿಕದ ಗೋಧಿ ನುಚ್ಚು, ಅಮೆರಿಕದ್ದೇ ಎಣ್ಣೆ, ಡಬ್ಬದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಮನೆಯಲ್ಲಿ ಮೂರು ಹೊತ್ತೂ ಮುದ್ದೆ ಕಂಡ ಮಕ್ಕಳಿಗೆ ಅದೇ ಹಬ್ಬ.

ಚಿತ್ರದ ಕೈಗಳು ಸಮನಾಗಿದ್ದವು. ವ್ಯವಹಾರ ಹಾಗಿರಲಿಲ್ಲ. ತನ್ನಲ್ಲಿ ಮಿಕ್ಕ ಧಾನ್ಯ ಸಾಗಿಸಲು ಅಮೆರಿಕ 1954ರಲ್ಲಿ ಪಿಎಲ್–480 ಕಾಯ್ದೆ ತಂದಿತು. 1965-66ರ ಬರದಲ್ಲಿ ಭಾರತ ಅದಕ್ಕೇ ಜೋತುಬಿತ್ತು. 1966ರಲ್ಲಿ ಬಂದ ಧಾನ್ಯ ಸುಮಾರು 1 ಕೋಟಿ ಟನ್. ಆಗ ಅಧ್ಯಕ್ಷ ಜಾನ್ಸನ್ ವರ್ಷದ ಒಪ್ಪಂದ ಬಿಟ್ಟು, ಹಗ್ಗ ಬಿಗಿಹಿಡಿದಂತೆ ಸ್ವಲ್ಪ ಸ್ವಲ್ಪವೇ ಗೋಧಿ ಬಿಡತೊಡಗಿದರು. ಕೃಷಿನೀತಿ ಬದಲಿಸಿ ಎಂಬ ಒತ್ತಡ ಒಂದು ಕಡೆ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿತೆಂಬ ಮುನಿಸು ಇನ್ನೊಂದು ಕಡೆ.

ಹಂಗಿಲ್ಲದ ವ್ಯವಸ್ಥೆ ಈ ಸೀಮೆಗೆ ಗೊತ್ತಿರಲಿಲ್ಲವೇ? ಇಲ್ಲಿ ಹಗೇವುಗಳಿದ್ದವು. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ರಾಗಿಗೆ ಹುಳುವಿನ ಕಾಟ ಕಡಿಮೆ. ಒಂದು ಮಳೆ ಕೈಕೊಟ್ಟರೆ ಊರೇ ಅದರ ಮೇಲೆ ಬದುಕುತ್ತಿತ್ತು. ಹಾಗೆಂದು ಹಗೇವನ್ನು ಹಾಡಿ ಹೊಗಳಲಾರೆ: 1876-78ರ ಧಾತು-ಈಶ್ವರ ಬರದಲ್ಲಿ ಅವೂ ಬರಿದಾದವು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಕುಸಿದಿತ್ತು.

ಅಮೆರಿಕದ ಹಂಗು ಬಿಡಿಸಲು ಬಂದ ಗೋಧಿ, ಭತ್ತದ ಹಸಿರು ಕ್ರಾಂತಿ ಮಳೆಯನ್ನೇ ನಂಬಿದ ಹೊಲಗಳ ಕಡೆ ಹೆಚ್ಚು ತಿರುಗಿ ನೋಡಲಿಲ್ಲ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟವರು ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ಲಕ್ಷ್ಮಣಯ್ಯ. ಬಯಲುಸೀಮೆ ಅವರಿಗೆ ಸಲ್ಲಿಸಿದ ಗೌರವ ಸಾಲದು.

ಅಮೆರಿಕದ ಗೋಧಿಯ ಹಡಗು ನಿಂತಿತು, ಹಂಗು ನಿಲ್ಲಲಿಲ್ಲ. 2023ರ ಜೂನ್‌ನಲ್ಲಿ ರಾಜ್ಯದ ಅನ್ನಭಾಗ್ಯ ಯೋಜನೆಗೆ 2.22 ಲಕ್ಷ ಟನ್ ಅಕ್ಕಿ ಕೊಡಲು ಭಾರತೀಯ ಆಹಾರ ನಿಗಮ ಒಪ್ಪಿತು. ಮರುದಿನವೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಿತು. ರಾಜ್ಯ ಸರ್ಕಾರ ಅಕ್ಕಿಯ ಬದಲು ತಿಂಗಳಿಗೆ ತಲೆಗೆ 170 ರೂಪಾಯಿ ಹಾಕಿತು. ಕೇಂದ್ರದ ಆ ನಡೆಗೆ ಕಾರಣ ಬೆಲೆ ಏರಿಕೆಯ ಭಯವೋ, ರಾಜಕೀಯವೋ, ವಾದ ಇನ್ನೂ ಇದೆ. ಜಾನ್ಸನ್ ಕಾಲದ ಹಗ್ಗ ಈಗ ದಿಲ್ಲಿಯಲ್ಲಿದೆ ಎಂದೇ ನನಗನ್ನಿಸುತ್ತದೆ.

ಅದಕ್ಕೂ ಮೊದಲು, 2021-22ರಲ್ಲಿ, ಇದೇ ಸೀಮೆಯ ರೈತರ ರಾಗಿ ಖರೀದಿಗೆ ಕೇಂದ್ರ ಮಿತಿ ಹೇರಿತ್ತು: ಮೊದಲು 2.1 ಲಕ್ಷ ಟನ್, ಅದೂ ಸಣ್ಣ, ಅತಿಸಣ್ಣ ರೈತರಿಂದ ಮಾತ್ರ. ಪ್ರತಿಭಟನೆ ನಡೆದ ಮೇಲೆ ಮಿತಿ ಸಡಿಲವಾಯಿತು. ಮರುವರ್ಷವೇ ಭಾರತದ ಪ್ರಸ್ತಾವದಂತೆ ಜಗತ್ತು 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು!

ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ, ಚಿಂತಾಮಣಿಯಲ್ಲಿ ಟೊಮೆಟೊ. ರೊಕ್ಕದ ಬೆಳೆ ಬಂದಲ್ಲಿ ರಾಗಿ ಹಿಂದೆ ಸರಿಯುತ್ತದೆ. ರೇಷ್ಮೆ ನೂಲು ತೆಗೆಯುವ ಬಡ ಕುಟುಂಬ ಮುದ್ದೆಗೂ ನ್ಯಾಯಬೆಲೆ ಅಂಗಡಿ ನೋಡುತ್ತದೆ. ಹಂಗಿನ ಅನ್ನ ಎಂದಾದರೂ ನಿಲ್ಲಬಹುದು: 2025ರಲ್ಲಿ ಅಮೆರಿಕ ತನ್ನ ಯುಎಸ್‌ಏಡ್ ಸಂಸ್ಥೆಗೆ ಬಾಗಿಲು ಹಾಕಿದಾಗ ಎಷ್ಟೋ ಬಡದೇಶಗಳ ಅನ್ನಕ್ಕೆ ಕಲ್ಲು ಬಿತ್ತು. ಅದನ್ನು ಓದಿ ಮರುಗುವ ನಾವು, 2025-26ರಲ್ಲಿ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆಯಿದ್ದ ರಾಗಿಯನ್ನು ಮಿತಿಯಿಲ್ಲದೆ ಕೊಂಡು, ಇದೇ ತಾಲ್ಲೂಕುಗಳ ಪಡಿತರಕ್ಕೆ ವರ್ಷವಿಡೀ ಕೊಡಿ ಎಂದು ನಮ್ಮ ಸರ್ಕಾರಗಳನ್ನು ಕೇಳಬೇಕು.