ಹೆಣ್ಣುಮಕ್ಕಳು ಕೆಲಸದಲ್ಲಿ ನಿಲ್ಲೋದಿಲ್ಲ ಅನ್ನೋದು ನಿಜವೇ?

‘ಮದುವೆಯಾದ್ರೆ ಬಿಟ್ಟುಹೋಗ್ತಾರೆ, ಹೆಣ್ಣುಮಕ್ಕಳನ್ನ ಕೆಲಸಕ್ಕೆ ತಗೋಬೇಡಿ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಬಿಡುವವರು ಇದ್ದಾರೆ, ನಿಜ. ಆದರೆ ಅದಕ್ಕೆ ಹೆಣ್ಣಿನ ಸ್ವಭಾವವೇ ಕಾರಣ ಎನ್ನುವುದು ತಪ್ಪು.

ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ತೋರಿಸಿದ್ದರು: ಮಾಹಿತಿ, ಬೆಂಬಲ, ಸಂಪನ್ಮೂಲ, ಬೆಳೆಯುವ ಅವಕಾಶ ಸಿಗದಿದ್ದರೆ ಗಂಡಸರಾದರೂ ಕೆಲಸದಿಂದ ಮನಸ್ಸು ಕೀಳುತ್ತಾರೆ.

ವಿಜಯಪುರದ ಸ್ಟೇಷನ್ ರಸ್ತೆಯ ಯಾವುದೋ ಅಂಗಡಿ ಅಂದುಕೊಳ್ಳಿ. ಬಿಲ್ ಮಾಡುವ ಅಕ್ಕನಿಗೆ ಹತ್ತು ರೂಪಾಯಿ ಬಿಡುವ ಅಧಿಕಾರವೂ ಇಲ್ಲ; ಪ್ರತಿ ಸಲ ‘ಸಾವ್ಕಾರ್‌ನ ಕೇಳ್ರೀ’ ಅನ್ನಬೇಕು. ಆಕೆ ಹತ್ತು ವರ್ಷ ಉಳಿದರೂ ಅದು ಬೇರೆ ದಾರಿಯಿಲ್ಲದೆ ಉಳಿದದ್ದು. ಸಂಶೋಧಕರಾದ ಮೇಯರ್ ಮತ್ತು ಅಲೆನ್ 1991ರಲ್ಲಿ ಇದನ್ನು, ಪ್ರೀತಿಯಿಂದ ಉಳಿಯುವುದರಿಂದ ಬೇರೆ ಮಾಡಿ ಹೇಳಿದರು. ಅಧಿಕಾರ ಕೊಟ್ಟಾಗ ಹೆಚ್ಚುವುದು ಮುಖ್ಯವಾಗಿ ಆ ಪ್ರೀತಿ. ಮಹಿಳಾ ದಿನದ ಗುಲಾಬಿ ಹೂವು ಈ ಲೆಕ್ಕಕ್ಕೆ ಬರುವುದಿಲ್ಲ!