ತಾಯಂದಿರ ಆರೋಗ್ಯಸೇವೆಯಲ್ಲಿ ಸಮಾನತೆ: ಅನುಷ್ಠಾನ ವಿಜ್ಞಾನ ಮತ್ತು ಕಲಬುರಗಿ ಸೀಮೆ

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಆಕ್ಸಿಟೋಸಿನ್, ಗರ್ಭನಂಜಿನ ಸೆಳವಿಗೆ ಮ್ಯಾಗ್ನೀಸಿಯಂ ಸಲ್ಫೇಟ್. ಈ ಔಷಧಗಳು ವೈದ್ಯಲೋಕಕ್ಕೆ ಹೊಸವಲ್ಲ. ಆದರೂ ಇವೇ ಕಾರಣಗಳಿಂದ ತಾಯಂದಿರು ಸಾಯುವುದು ನಿಂತಿಲ್ಲ. ಆಕ್ಸಿಟೋಸಿನ್ ಅನ್ನು ತಂಪಿನಲ್ಲಿಡಬೇಕು. ವಿದ್ಯುತ್ತು ಹೋದ ಕೇಂದ್ರದಲ್ಲಿ ಅದು ಶಕ್ತಿ ಕಳೆದುಕೊಳ್ಳುತ್ತದೆ. ಗೊತ್ತಿರುವ ಚಿಕಿತ್ಸೆಗೂ ದೊರೆಯುವ ಚಿಕಿತ್ಸೆಗೂ ನಡುವಿನ ಈ ಅಂತರವೇ ಅನುಷ್ಠಾನ ವಿಜ್ಞಾನದ ಅಧ್ಯಯನ ವಸ್ತು. ಯಾವ ಮದ್ದು ಫಲಕಾರಿ ಎಂಬುದಕ್ಕಿಂತ, ಅದು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ, ಏಕೆ ಎಂಬುದನ್ನು ಈ ಶಾಸ್ತ್ರ ಕೇಳುತ್ತದೆ.

ಕರ್ನಾಟಕದ ತಾಯಿಮರಣ ಪ್ರಮಾಣವು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ಇದ್ದುದು 2018–20ಕ್ಕೆ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಸರಾಸರಿಯು ಪ್ರದೇಶಗಳ ಅಂತರವನ್ನು ಮರೆಮಾಡುತ್ತದೆ. 2002ರ ನಂಜುಂಡಪ್ಪ ಸಮಿತಿಯ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಈ ಸೀಮೆಯೊಳಗೂ ಏಕರೂಪತೆಯಿಲ್ಲ. ವಾಡಿ, ಶಹಾಬಾದಗಳು ರೈಲು, ಸಿಮೆಂಟು, ಹಾಸುಗಲ್ಲಿನ ಊರುಗಳು. ಚಿಂಚೋಳಿಯದು ಕಾಡು ಮತ್ತು ಲಂಬಾಣಿ ತಾಂಡಾಗಳ ನೆಲ. ಸೇಡಂ ತಾಲೂಕಿನ ಮುಧೋಳ ತೆಲಂಗಾಣದ ಗಡಿಗೆ ಸಮೀಪದ್ದು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಾಡಿನ ರೂಢಿ. ತವರು ಗಡಿಯಾಚೆಗಿದ್ದರೆ ತಾಯಿ ಕಾರ್ಡು ಒಂದು ರಾಜ್ಯದ್ದು, ಹೆರಿಗೆ ಇನ್ನೊಂದು ರಾಜ್ಯದ್ದು. ತೊಗರಿ ಕೊಯ್ಲು ಮುಗಿದ ಮೇಲೆ ಹೈದರಾಬಾದ್, ಮುಂಬಯಿಗಳಿಗೆ ದುಡಿಯಲು ಹೋಗುವ ಗರ್ಭಿಣಿಯ ಸ್ಥಿತಿಯೂ ಇಂಥದೇ. ಎರಡೂ ಕಡೆಯ ಆಶಾ ಕಾರ್ಯಕರ್ತೆಯರ ಪಟ್ಟಿಯಿಂದ ಆಕೆ ಜಾರಿಬಿಡುವ ಸಂಭವವಿದೆ.

ಈ ದಿಸೆಯಲ್ಲಿ ಗಮನಾರ್ಹ ಪ್ರಯೋಗವೆಂದರೆ 2009ರಲ್ಲಿ ಆರಂಭವಾದ 'ಸುಕ್ಷೇಮ' ಯೋಜನೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹಾಗೂ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯಗಳು ರಾಜ್ಯ ಸರ್ಕಾರದೊಡನೆ ಸೇರಿ ಗುಲಬರ್ಗಾವೂ ಒಳಗೊಂಡಂತೆ ಉತ್ತರದ ಎಂಟು ಜಿಲ್ಲೆಗಳಲ್ಲಿ ಇದನ್ನು ನಡೆಸಿದವು. ಮನೆಮನೆ ಎಣಿಕೆಯ ಮೂಲಕ ಗರ್ಭಿಣಿಯರನ್ನು ಗುರುತಿಸಿ, ಅವರ ಸೇವೆಯ ಜಾಡು ಹಿಡಿಯುವ ಸರಳ ನಮೂನೆಗಳನ್ನು ಆಶಾ ಕಾರ್ಯಕರ್ತೆಯರಿಗಾಗಿ ರೂಪಿಸಲಾಯಿತು. ಬಳ್ಳಾರಿ ಮತ್ತು ಗುಲಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, 54 ಕೇಂದ್ರಗಳಿಗೆ ಮಾರ್ಗದರ್ಶಿ ಶುಶ್ರೂಷಕಿಯರನ್ನು ಕಳುಹಿಸಲಾಯಿತು. ಇವರು ತಪಾಸಣೆಗೆ ಬಂದ ಅಧಿಕಾರಿಗಳಲ್ಲ. ಹೆರಿಗೆ ಕೋಣೆಯಲ್ಲೇ ಜೊತೆಗೆ ನಿಂತು ಕಲಿಸುವವರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾಸು ಬೀಳುವ ಹಂತದ ಆರೈಕೆ, ತಾಯಿಯ ನಂಜು, ಉಸಿರಾಡದ ಶಿಶುವಿನ ಚೇತರಿಕೆ ಮುಂತಾದ ವಿಷಯಗಳಲ್ಲಿ ಆ ಕೇಂದ್ರಗಳ ಸಿಬ್ಬಂದಿಯ ತಿಳಿವಳಿಕೆ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು.

ತಿಳಿವಳಿಕೆ ಹೆಚ್ಚಿದೊಡನೆ ಸಾವು ಇಳಿಯುವುದೆಂದು ಭಾವಿಸುವುದು ಅವಸರವಾದೀತು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ತಾಳೆಪಟ್ಟಿಯನ್ನು ಮೊದಲು ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, 29 ಕ್ರಮಗಳ ಪೈಕಿ ಸರಾಸರಿ 10 ಪಾಲನೆಯಾಗುತ್ತಿದ್ದುದು 25ಕ್ಕೆ ಏರಿತು. ಅದನ್ನೇ ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಅಳವಡಿಸಿದ ಅಧ್ಯಯನದಲ್ಲಿ (2017) ಸಿಬ್ಬಂದಿಯ ನಡವಳಿಕೆ ಸುಧಾರಿಸಿತಾದರೂ ತಾಯಿ-ಶಿಶು ಮರಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಸೋಲುಗಳನ್ನು ಮುಚ್ಚಿಡದೆ ಪ್ರಕಟಿಸುವುದು ಈ ಶಾಸ್ತ್ರದ ಬಲವೇ ಹೊರತು ದೌರ್ಬಲ್ಯವಲ್ಲ.

ಸಮಾನತೆಯ ಪ್ರಶ್ನೆ ತೀಕ್ಷ್ಣವಾಗುವುದು ಯೋಜನೆಗಳ ರಚನೆಯಲ್ಲಿ. 2009ರ ತಾಯಿಭಾಗ್ಯವು ಬಡ ಗರ್ಭಿಣಿಯರಿಗೆ ಖಾಸಗಿ ಆಸ್ಪತ್ರೆಯಲ್ಲಿ ಉಚಿತ ಹೆರಿಗೆಯ ಭರವಸೆ ನೀಡಿತು. ಖಾಸಗಿ ಆಸ್ಪತ್ರೆಯೇ ಇಲ್ಲದ ಹೋಬಳಿಯಲ್ಲಿ ಆ ಭರವಸೆಗೆ ಅರ್ಥ ಕಡಿಮೆ. 2017ರ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ಗರ್ಭಿಣಿ ಅಂಗನವಾಡಿಗೇ ಬರಬೇಕಿತ್ತು. ಮನೆ ಸಮೀಪವಿದ್ದವಳಿಗೆ ಅದು ಸುಲಭ. ತೊಗರಿ ಹೊಲದಲ್ಲಿ ದಿನಗೂಲಿಗೆ ಬಗ್ಗಿದವಳು ಮಧ್ಯಾಹ್ನ ಕೆಲಸ ಬಿಟ್ಟು ಬಂದರೆ ಕೂಲಿ ಕಳೆದುಕೊಳ್ಳುತ್ತಾಳೆ. ತಾಂಡಾದ ಬಾಣಂತಿಗೆ ಹಸುಗೂಸಿನೊಡನೆ ನಡೆಯುವ ದಾರಿ ದೂರ. ಬಡಿಸಿದ ಊಟಗಳ ಒಟ್ಟು ಲೆಕ್ಕದಲ್ಲಿ ಇವರಿಬ್ಬರೂ ಕಾಣುವುದಿಲ್ಲ. ಬಾರದಿದ್ದವರ ಹೆಸರು, ಜಾತಿ, ಊರು, ಕಸುಬುಗಳನ್ನು ಬೇರೆಯಾಗಿ ಬರೆದಿಟ್ಟ ಅಂಗನವಾಡಿಯ ದಾಖಲೆಯಲ್ಲಿ ಮಾತ್ರ ಅವರು ಕಂಡಾರು.